ರಾತ್ರಿ ಹತ್ತು ನಿಮಿಷ, ಬೆಳಗ್ಗೆ ಐದು ನಿಮಿಷ: ಗಡಿಬಿಡಿಯ ದಿನಗಳಿಗೆ ಆರೋಗ್ಯಕರ ತಿಂಡಿಯ ಸಮಗ್ರ ಮಾರ್ಗದರ್ಶಿ

ತಿಂಡಿ ಮಾಡಿಕೊಳ್ಳಲು ಹೊತ್ತಿಲ್ಲ ಎನ್ನುವವರ ಅಡುಗೆಮನೆಯಲ್ಲಿ ಒಂದು ಬೆಳಗ್ಗೆ ಗಡಿಯಾರ ಹಿಡಿದು ಕೂತು ನೋಡಿ. ಒಲೆಯ ಮೇಲೆ ಬೇಯುವುದಕ್ಕೆ ಹೋಗುವುದು ಐದಾರು ನಿಮಿಷ, ಅಷ್ಟೇ. ಉಳಿದದ್ದೆಲ್ಲ ಏನು ಮಾಡಲಿ ಎಂದು ಫ್ರಿಜ್ ಬಾಗಿಲು ತೆಗೆದು ನಿಲ್ಲುವುದಕ್ಕೆ, ಈರುಳ್ಳಿ ಸುಲಿಯುವುದಕ್ಕೆ, ಡಬ್ಬಿಯ ಮುಚ್ಚಳ ಹುಡುಕುವುದಕ್ಕೆ, ನಿನ್ನೆಯ ಬಾಣಲೆ ತಿಕ್ಕುವುದಕ್ಕೆ. ಇವಿಷ್ಟನ್ನೂ ಬೆಳಗಿನಿಂದ ತೆಗೆದು ಹಿಂದಿನ ರಾತ್ರಿಗೋ ರಜೆಯ ದಿನಕ್ಕೋ ಸಾಗಿಸಿಬಿಟ್ಟರೆ ಬೆಳಗ್ಗೆ ಉಳಿಯುವುದು ಜೋಡಿಸುವ ಕೆಲಸ ಮಾತ್ರ. ಕೆಳಗಿರುವ ಪ್ರತಿಯೊಂದು ತಿಂಡಿಯನ್ನೂ ಆ ಲೆಕ್ಕದಲ್ಲೇ ಆರಿಸಿದ್ದು.

ಎಲ್ಲವನ್ನೂ ಒಟ್ಟಿಗೇ ಶುರು ಮಾಡಬೇಡಿ. ಒಂದು ಓಟ್ಸ್, ಒಂದು ಮೊಟ್ಟೆಯದ್ದು, ಇವೆರಡು ಕೈಗೆ ಹತ್ತಿದರೆ ವಾರ ಸಾಗುತ್ತದೆ.

ಮೊದಲು ತಟ್ಟೆಯ ಲೆಕ್ಕ

ಬೇಗ ಆಗುವ ತಿಂಡಿಗಳಲ್ಲಿ ಹೆಚ್ಚಿನವು ಸೋಲುವುದು ಒಂದೇ ಕಡೆ: ಅವುಗಳಲ್ಲಿ ಪಿಷ್ಟ, ಸಕ್ಕರೆ ಬಿಟ್ಟರೆ ಮತ್ತೇನೂ ಇರುವುದಿಲ್ಲ. ಜಾಮ್ ಹಚ್ಚಿದ ಬಿಳಿ ಬ್ರೆಡ್ಡು, ಒಂದು ಲೋಟ ಹಣ್ಣಿನ ರಸ. ತಿಂದಾಗ ಹೊಟ್ಟೆ ತುಂಬಿತು ಅನ್ನಿಸುತ್ತದೆ, ಹನ್ನೊಂದು ಗಂಟೆಗೆ ಕೈ ಬಿಸ್ಕತ್ತಿನ ಡಬ್ಬಿಯ ಕಡೆ ಹೋಗುತ್ತದೆ.

ಮಧ್ಯಾಹ್ನದವರೆಗೆ ತಡೆಯುವ ತಿಂಡಿಯಲ್ಲಿ ಸುಮಾರು 15ರಿಂದ 20 ಗ್ರಾಂ ಪ್ರೋಟೀನ್, 6ರಿಂದ 8 ಗ್ರಾಂ ನಾರಿನಂಶ ಇರಲಿ. ತೂಕದ ಯಂತ್ರ ಇಟ್ಟುಕೊಂಡು ದಿನಾ ಅಳೆಯಬೇಕಾಗಿಲ್ಲ, ಈ ಅಂದಾಜುಗಳು ತಲೆಯಲ್ಲಿದ್ದರೆ ಸಾಕು. ಒಂದು ದೊಡ್ಡ ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್. 250 ಮಿ.ಲೀ. ಹಾಲಿನಲ್ಲಿ 8 ಗ್ರಾಂ. ಸಾದಾ ಮೊಸರಿನಲ್ಲಿ 100 ಗ್ರಾಂಗೆ ಸುಮಾರು 3.5 ಗ್ರಾಂ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದರೆ ಹತ್ತಿರ ಹತ್ತಿರ ಅದರ ಎರಡರಷ್ಟು. ಬೇಯಿಸಿದ ಕಾಬೂಲಿ ಕಡಲೆ 100 ಗ್ರಾಂನಲ್ಲಿ 9 ಗ್ರಾಂ ಪ್ರೋಟೀನ್, ಜೊತೆಗೆ ಏಳು ಗ್ರಾಂ ಮೀರಿದ ನಾರು. ಒಂದು ದೊಡ್ಡ ಚಮಚ ಪೀನಟ್ ಬಟರ್‌ನಲ್ಲಿ 4 ಗ್ರಾಂ ಪ್ರೋಟೀನ್, ಆದರೆ ಅದರ ಜೊತೆ 8 ಗ್ರಾಂ ಕೊಬ್ಬೂ ಬರುತ್ತದೆ. ಆದ್ದರಿಂದ ಚಮಚವನ್ನು ಗೋಪುರ ಮಾಡದೆ ಮಟ್ಟಸವಾಗಿ ಅಳೆಯಿರಿ. ನಾರಿನ ಪಾಲಿಗೆ 40 ಗ್ರಾಂ ಓಟ್ಸ್ ಕೊಡುವುದು 4 ಗ್ರಾಂ, ಸಿಪ್ಪೆ ಸಮೇತ ಒಂದು ಸೇಬೂ ಅಷ್ಟೇ, ಒಂದು ದೊಡ್ಡ ಚಮಚ ಚಿಯಾ ಬೀಜವೂ ಅಷ್ಟೇ.

ಸಕ್ಕರೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಮೇಲಿಂದ ಸೇರಿಸಿದ ಸಕ್ಕರೆಯನ್ನು ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕೆಳಗಿಡಬೇಕು, ಸಾಧ್ಯವಾದರೆ ಶೇ 5ಕ್ಕಿಂತ ಕೆಳಗೆ ಎಂದಿದೆ. ವಯಸ್ಕರಿಗೆ ಈ ಎರಡನೆಯ ಮಿತಿ ಎಂದರೆ ಸುಮಾರು 25 ಗ್ರಾಂ. ಜೇನುತುಪ್ಪವೂ ಹಣ್ಣಿನ ರಸವೂ ಈ ಲೆಕ್ಕದೊಳಗೇ ಬರುತ್ತವೆ. ಇಡೀ ಹಣ್ಣು ಬರುವುದಿಲ್ಲ. "ಸಕ್ಕರೆ ಹಾಕಿಲ್ಲ, ಜೇನು ಹಾಕಿದ್ದೇನೆ" ಎನ್ನುವ ಸಮಾಧಾನಕ್ಕೆ ಅರ್ಥವಿಲ್ಲ.

ರಾತ್ರಿ ನೆನೆಸಿಡುವ ಓಟ್ಸ್

ಬೆಂಕಿ ಬೇಡ, ಬೆಳಗ್ಗೆ ಪಾತ್ರೆಯೂ ಬೇಡ, ಜಾಡಿಯಿಂದಲೇ ತಿನ್ನಬಹುದು. ಒಬ್ಬರಿಗೆ ಬೇಕಾಗುವುದು ಇಷ್ಟು:

- ರೋಲ್ಡ್ ಓಟ್ಸ್ 40 ಗ್ರಾಂ (ಅಂದಾಜು ಅರ್ಧ ಕಪ್)
- ಹಾಲು 120 ಮಿ.ಲೀ.
- ಮೊಸರು 60 ಗ್ರಾಂ (4 ದೊಡ್ಡ ಚಮಚ)
- ಚಿಯಾ ಬೀಜ 1 ದೊಡ್ಡ ಚಮಚ (12 ಗ್ರಾಂ)
- ಪೀನಟ್ ಬಟರ್ 1 ದೊಡ್ಡ ಚಮಚ
- ಉಪ್ಪು ಒಂದು ಚಿಟಿಕೆ
- ಹಣ್ಣು 80ರಿಂದ 100 ಗ್ರಾಂ

ಯಾವ ಓಟ್ಸ್ ಎಂಬುದರಲ್ಲೇ ಅರ್ಧ ಫಲಿತಾಂಶ ನಿಂತಿದೆ. ರೋಲ್ಡ್ ಓಟ್ಸ್ ಎಂದರೆ ಇಡೀ ಕಾಳನ್ನು ಹಬೆಯಲ್ಲಿ ಹಾಯಿಸಿ ಚಪ್ಪಟೆಯಾಗಿ ಒತ್ತಿದ್ದು. ಹಬೆ ಕಂಡಿರುವುದರಿಂದಲೇ ಅದನ್ನು ಬೇಯಿಸದೆ ನೆನೆಸಿ ತಿನ್ನಬಹುದು. ಇನ್‌ಸ್ಟಂಟ್ ಓಟ್ಸ್ ಇನ್ನೂ ತೆಳ್ಳಗೆ, ಚೂರುಚೂರಾಗಿರುತ್ತದೆ. ರಾತ್ರಿಯೆಲ್ಲ ನೆನೆದರೆ ಅಂಟಿನಂತಾಗುತ್ತದೆ. ಕಾಳನ್ನು ಬರಿದೇ ಕತ್ತರಿಸಿದ ಸ್ಟೀಲ್ ಕಟ್ ಓಟ್ಸ್ ಬೆಳಗ್ಗೆಯೂ ಹಲ್ಲಿಗೆ ಗಟ್ಟಿ.

ಮಾಡುವ ಕ್ರಮ ಹೀಗೆ. 350ರಿಂದ 400 ಮಿ.ಲೀ. ಹಿಡಿಸುವ ಅಗಲ ಬಾಯಿಯ ಜಾಡಿ ತೆಗೆದುಕೊಳ್ಳಿ. ಓಟ್ಸ್, ಚಿಯಾ, ಉಪ್ಪು ಮೂರನ್ನೂ ಒಣದಾಗಿಯೇ ಹಾಕಿ ಕಲಕಿ. ಈ ಹೆಜ್ಜೆ ಬಿಟ್ಟು ಹಾಲಿನ ಮೇಲೆ ಚಿಯಾ ಉದುರಿಸಿದರೆ ಅದು ಒಂದಕ್ಕೊಂದು ಅಂಟಿಕೊಂಡು, ಹೊರಗೆ ಲೋಳೆ ಒಳಗೆ ಒಣಕಲಾದ ಗಂಟುಗಳಾಗುತ್ತವೆ. ಆಮೇಲೆ ಪೀನಟ್ ಬಟರನ್ನು ಸ್ವಲ್ಪ ಹಾಲಿನಲ್ಲಿ ಕದಡಿ ಹಾಕಿ, ಉಳಿದ ಹಾಲು, ಮೊಸರು ಸೇರಿಸಿ, ತಳದ ಮೂಲೆಗೆ ಚಮಚ ತಾಗುವಂತೆ ತಿರುಗಿಸಿ. ಮುಚ್ಚಿ ಫ್ರಿಜ್‌ಗೆ ತಳ್ಳುವ ಮೊದಲು ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲಕಿ. ಚಿಯಾ ಆಗ ತಾನೇ ನೀರು ಕುಡಿಯಲು ಶುರು ಮಾಡಿರುತ್ತದೆ, ತಳಕ್ಕೆ ಕುಸಿದದ್ದು ಈ ಎರಡನೆಯ ಸುತ್ತಿನಲ್ಲಿ ಮೇಲೆದ್ದು ಅಲ್ಲಲ್ಲೇ ನಿಲ್ಲುತ್ತದೆ.

ಕನಿಷ್ಠ ಆರು ಗಂಟೆ ನೆನೆಯಬೇಕು. ಬೆಳಗ್ಗೆ ಮುಚ್ಚಳ ತೆಗೆದಾಗ ಮೇಲ್ಮೈ ಗಟ್ಟಿಯಾಗಿ ಕೂತಿರುತ್ತದೆ, ಚಮಚ ಇಳಿಸಿದರೆ ಗುಂಡಿ ಹಾಗೇ ನಿಲ್ಲುತ್ತದೆ. ಕೆಟ್ಟಿತೋ ಎಂದು ಗಾಬರಿ ಬೇಡ. ಎರಡು ದೊಡ್ಡ ಚಮಚ ಹಾಲು ಸುರಿದು ಕಲಕಿದರೆ ಸಡಿಲವಾಗುತ್ತದೆ. ತೀರಾ ತೆಳ್ಳಗಿದ್ದರೆ ಒಂದು ಟೀ ಚಮಚ ಚಿಯಾ ಹಾಕಿ ಹತ್ತು ನಿಮಿಷ ಬಿಡಿ, ಮುಂದಿನ ಸಲ ಹಾಲು 20 ಮಿ.ಲೀ. ಕಡಿಮೆ ಮಾಡಿ. ರುಚಿ ಸಪ್ಪೆ ಎನ್ನಿಸಿದರೆ ಜೇನಿಗೆ ಕೈಹಾಕುವ ಮೊದಲು ಉಪ್ಪು ಹಾಕಿದ್ದು ನೆನಪಿದೆಯೇ ನೋಡಿಕೊಳ್ಳಿ. ಆ ಒಂದು ಚಿಟಿಕೆ ಇಲ್ಲದಿದ್ದರೆ ಎಷ್ಟು ಸಿಹಿ ಸುರಿದರೂ ಸಪ್ಪೆಯೇ.

ಹಣ್ಣನ್ನು ಯಾವಾಗ ಹಾಕಬೇಕು ಎನ್ನುವುದು ಹಣ್ಣಿನ ಮೇಲೆ ಹೋಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಬೆರಿಗಳು ರಾತ್ರಿಯೇ ಒಳಗೆ ಹೋಗಬಹುದು. ಬಾಳೆ, ಸೇಬು ಬೆಳಗ್ಗೆ ಹೆಚ್ಚಿ ಹಾಕಿ. ಕೊಯ್ದ ಮೇಲೆ ಗಾಳಿ ತಾಗಿ ಕಪ್ಪಾಗುವುದು ಅವುಗಳೊಳಗಿನ ಕಿಣ್ವದ ಕೆಲಸ. ಸೇಬನ್ನು ರಾತ್ರಿಯೇ ಹೆಚ್ಚಲೇಬೇಕಾದರೆ ನಿಂಬೆರಸ ಸವರಿ. ಬಾದಾಮಿ, ವಾಲ್‌ನಟ್‌ಗಳೂ ಬೆಳಗ್ಗೆಯೇ, ಇಲ್ಲವಾದರೆ ಕುರುಕು ಹೋಗಿ ರಬ್ಬರಿನಂತಾಗುತ್ತವೆ.

ಈ ಜಾಡಿಯೊಂದರಲ್ಲಿ 16 ಗ್ರಾಂ ಆಸುಪಾಸು ಪ್ರೋಟೀನ್, 10 ಗ್ರಾಂನಷ್ಟು ನಾರು. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರು ಕೆಟ್ಟ ಕೊಲೆಸ್ಟ್ರಾಲನ್ನು ಇಳಿಸಲು ನೆರವಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 1997ರಲ್ಲೇ ಇದು ಹೃದ್ರೋಗದ ಅಪಾಯ ತಗ್ಗಿಸಬಹುದು ಎಂದು ಪೊಟ್ಟಣದ ಮೇಲೆ ಬರೆಯಲು ಒಪ್ಪಿಗೆ ಕೊಟ್ಟಿತ್ತು. ಆದರೆ ಅದಕ್ಕೆ ಬೇಕಾದದ್ದು ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್, ಎಂದರೆ 75 ಗ್ರಾಂ ಹತ್ತಿರದ ಓಟ್ಸ್. 40 ಗ್ರಾಂನ ಒಂದು ಜಾಡಿ ಅದರ ಅರ್ಧದಷ್ಟು ಮಾತ್ರ.

ಬಿಸಿಯಾಗಿಯೇ ಬೇಕೆನ್ನುವವರು ಮೊಸರು ಬಿಟ್ಟು, ಆ ಜಾಗಕ್ಕೂ ಹಾಲನ್ನೇ ಹಾಕಿ ನೆನೆಸಿ. ಮೊಸರು ಹಾಕಿದ್ದನ್ನು ಮೈಕ್ರೋವೇವ್‌ನಲ್ಲಿ ಜೋರಾಗಿ ಬಿಸಿ ಮಾಡಿದರೆ ಒಡೆದು ನೀರು ಬಿಡುತ್ತದೆ. ಪಾತ್ರೆ ಮಿಶ್ರಣದ ಮೂರರಷ್ಟು ದೊಡ್ಡದಿರಲಿ. ಓಟ್ಸ್ ಉಕ್ಕಿ ಮೈಕ್ರೋವೇವ್‌ನ ತಟ್ಟೆಯ ಮೇಲೆ ಹರಿದರೆ ಉಳಿಸಿದ ಐದು ನಿಮಿಷವೂ ಒರೆಸುವುದಕ್ಕೇ ಹೋಗುತ್ತದೆ.

ಬೇಯಿಸಿದ ಮೊಟ್ಟೆ, ಸರಿಯಾಗಿ

ಎಲ್ಲರಿಗೂ ಬರುತ್ತದೆ ಎಂದುಕೊಂಡಿರುವ ಕೆಲಸ. ಆದರೂ ಸುಲಿಯುವಾಗ ಅರ್ಧ ಬಿಳಿಭಾಗ ಸಿಪ್ಪೆಯ ಜೊತೆಗೇ ಎದ್ದು ಬರುವುದು, ಹಳದಿಯ ಸುತ್ತ ಹಸಿರು ಬಳೆ ಕಾಣುವುದು, ಇವೆರಡು ದೂರು ತಪ್ಪಿದ್ದಲ್ಲ. ಎರಡಕ್ಕೂ ಕಾರಣ ಇದೆ.

ತೀರಾ ಹೊಸ ಮೊಟ್ಟೆಯ ಬಿಳಿಭಾಗ ಸಿಪ್ಪೆಯ ಒಳಪೊರೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ದಿನ ಕಳೆದಂತೆ ಸಿಪ್ಪೆಯ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿಭಾಗದ ಕ್ಷಾರಗುಣ ಏರುತ್ತದೆ, ಅಂಟು ಸಡಿಲವಾಗುತ್ತದೆ. ಬೇಯಿಸುವುದಕ್ಕೆ ವಾರ, ಹತ್ತು ದಿನ ಹಳೆಯ ಮೊಟ್ಟೆಯೇ ಒಳ್ಳೆಯದು. ಹೊಸದನ್ನು ಬುರ್ಜಿಗೆ ಇಟ್ಟುಕೊಳ್ಳಿ. ಇನ್ನೊಂದು, ತಣ್ಣೀರಲ್ಲಿಟ್ಟು ನಿಧಾನ ಕಾಯಿಸಬೇಡಿ. ಕುದಿಯುವ ನೀರಿಗೇ ಇಳಿಸಿದರೆ ಹೊರಪದರ ತಟ್ಟನೆ ಗಟ್ಟಿಯಾಗಿ ಪೊರೆಯಿಂದ ಬಿಡಿಸಿಕೊಳ್ಳುತ್ತದೆ.

1. ಮೊಟ್ಟೆಗಳ ಮೇಲೆ ಎರಡು ಬೆರಳಷ್ಟು ನೀರು ನಿಲ್ಲುವ ಪಾತ್ರೆಯಲ್ಲಿ ನೀರು ಚೆನ್ನಾಗಿ ಕುದಿಸಿ.
2. ಫ್ರಿಜ್‌ನಿಂದ ತೆಗೆದ ಮೊಟ್ಟೆಗಳನ್ನು ಸೌಟಿನಲ್ಲಿಟ್ಟು ಒಂದೊಂದಾಗಿ ಇಳಿಸಿ. ಎತ್ತರದಿಂದ ಬಿಟ್ಟರೆ ತಳಕ್ಕೆ ಬಡಿದು ಬಿರುಕು ಬಿಡುತ್ತವೆ.
3. ಉರಿ ತಗ್ಗಿಸಿ, ಸಣ್ಣ ಗುಳ್ಳೆ ಏಳುತ್ತಿರಲಿ. 7 ನಿಮಿಷಕ್ಕೆ ಹಳದಿ ಜೇನಿನಂತೆ ಸಡಿಲ, 9 ನಿಮಿಷಕ್ಕೆ ನಡುವೆ ಮೆತ್ತಗೆ, 11-12 ನಿಮಿಷಕ್ಕೆ ಪೂರ್ತಿ ಗಟ್ಟಿ. ವಾರಕ್ಕೆ ಇಟ್ಟುಕೊಳ್ಳುವುದಾದರೆ ಪೂರ್ತಿ ಗಟ್ಟಿಯೇ ಆಗಲಿ. ಎತ್ತರದ ಪ್ರದೇಶದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಒಂದೆರಡು ನಿಮಿಷ ಹೆಚ್ಚು ಬೇಕು.
4. ಕೂಡಲೇ ಮಂಜುಗಡ್ಡೆ ಹಾಕಿದ ನೀರಿಗೆ ಹಾಕಿ ಹತ್ತು ನಿಮಿಷ ಬಿಡಿ.

ನಾಲ್ಕನೆಯದನ್ನು ಬಿಟ್ಟರೇ ಹಸಿರು ಬಳೆ ಕಾಣಿಸುವುದು. ಬಿಳಿಭಾಗದ ಗಂಧಕದಿಂದ ಹುಟ್ಟಿದ ಅನಿಲ ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿ ಆ ಬಣ್ಣ ಬರುತ್ತದೆ. ಅತಿಯಾಗಿ ಬೆಂದರೆ, ಅಥವಾ ಒಲೆಯಿಂದ ಇಳಿಸಿದ ಮೇಲೂ ಬಿಸಿಯಲ್ಲೇ ಬಿದ್ದಿದ್ದರೆ ಹೀಗಾಗುತ್ತದೆ. ತಿನ್ನಲು ಅಪಾಯವಿಲ್ಲ, ವಾಸನೆ ಮಾತ್ರ ಸ್ವಲ್ಪ ಜೋರು.

ಸುಲಿಯಲು ಅಗಲವಾದ ತುದಿಯಿಂದ ಶುರು ಮಾಡಿ. ಅಲ್ಲಿ ಒಳಗೆ ಗಾಳಿಯ ಗೂಡಿರುತ್ತದೆ. ಮೆಲ್ಲಗೆ ಕುಟ್ಟಿದರೆ ಸಿಪ್ಪೆ ಒಳಕ್ಕೆ ಕುಸಿದು ಜಾಗ ಕೊಡುತ್ತದೆ. ಹೆಬ್ಬೆರಳಿನ ಉಗುರನ್ನು ಸಿಪ್ಪೆಯ ಕೆಳಗಷ್ಟೇ ಅಲ್ಲ, ಆ ತೆಳುವಾದ ಪೊರೆಯ ಕೆಳಗೂ ತೂರಿಸಬೇಕು. ಪೊರೆ ಸಿಕ್ಕಿತೆಂದರೆ ಸಿಪ್ಪೆ ಅದಕ್ಕೇ ಅಂಟಿಕೊಂಡು ಸುರುಳಿಯಾಗಿ ಬಿಚ್ಚುತ್ತದೆ. ನಲ್ಲಿಯ ನೀರಿನ ಕೆಳಗೆ ಹಿಡಿದರೆ ಇನ್ನೂ ಸಲೀಸು.

ಸಿಪ್ಪೆಯೊಳಗೇ ಇದ್ದರೆ ಫ್ರಿಜ್‌ನಲ್ಲಿ ಏಳು ದಿನ ಇರುತ್ತವೆ. ಸುಲಿದದ್ದನ್ನು ಅಂದೇ ಮುಗಿಸಿ. ಬೇಯಿಸಿದ ಮೊಟ್ಟೆಗಳ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮರೆತರೆ ಮೇಜಿನ ಮೇಲೆ ತಿರುಗಿಸಿ ನೋಡಿ, ಬೆಂದದ್ದು ಬುಗುರಿಯಂತೆ ಸರಾಗ ತಿರುಗುತ್ತದೆ, ಹಸಿಯದು ತೂಗಾಡುತ್ತದೆ. ಬೆಂದ ಇಡೀ ಮೊಟ್ಟೆಯನ್ನು ಮೈಕ್ರೋವೇವ್‌ಗೆ ಇಡಲೇಬೇಡಿ. ಒಳಗೆ ಸಿಕ್ಕಿಕೊಂಡ ಹಬೆ ಕಚ್ಚಿದ ಕ್ಷಣದಲ್ಲಿ ಸಿಡಿದು ಬಾಯಿ ಸುಡಬಹುದು. ಬಿಸಿ ಬೇಕಿದ್ದರೆ ಕುದಿನೀರಿನಲ್ಲಿ ಐದು ನಿಮಿಷ ಮುಳುಗಿಸಿಡಿ.

ಎರಡು ಮೊಟ್ಟೆ, ಒಂದು ಹಣ್ಣು, ಒಂದು ತುಂಡು ಇಡೀ ಗೋಧಿ ಬ್ರೆಡ್: ಬೆಳಗ್ಗೆ ಬೇಕಾದದ್ದು ಎರಡು ನಿಮಿಷ, ಪ್ರೋಟೀನ್ 16 ಗ್ರಾಂ.

ತರಕಾರಿ ಹಾಕಿದ ಮೊಟ್ಟೆ ಕಪ್‌ಗಳು

ಒಮ್ಮೆ ಮಾಡಿದರೆ ಮೂರು ಬೆಳಗು ಸಾಗುತ್ತದೆ. 6 ಮೊಟ್ಟೆ, 60 ಮಿ.ಲೀ. ಹಾಲು, ಅರ್ಧ ಟೀ ಚಮಚ ಉಪ್ಪು, ಕಾಳುಮೆಣಸಿನ ಪುಡಿ, 150 ಗ್ರಾಂ ಸಣ್ಣಗೆ ಹೆಚ್ಚಿದ ತರಕಾರಿ. ಈರುಳ್ಳಿ, ದೊಣ್ಣೆಮೆಣಸು, ಪಾಲಕ್, ಅಣಬೆ ಯಾವುದಾದರೂ ಸರಿ.

ತರಕಾರಿಯನ್ನು ಹಸಿಯಾಗಿಯೇ ಸುರಿಯುವುದು ಇಲ್ಲಿನ ಮಾಮೂಲಿ ತಪ್ಪು. ಅಣಬೆ, ಪಾಲಕ್, ಟೊಮೆಟೊಗಳಲ್ಲಿ ನೀರೇ ಹೆಚ್ಚು. ಓವನ್ನಿನ ಶಾಖಕ್ಕೆ ಅದು ಹೊರಬಂದು ಕಪ್‌ನ ತಳದಲ್ಲಿ ನಿಲ್ಲುತ್ತದೆ, ಮರುದಿನಕ್ಕೆ ತಿಂಡಿ ಒದ್ದೆ ಸ್ಪಂಜು. ಬಾಣಲೆಯಲ್ಲಿ ಒಂದು ಟೀ ಚಮಚ ಎಣ್ಣೆ ಬಿಟ್ಟು, ನೀರೆಲ್ಲ ಇಂಗಿ ಚುರ್ ಎನ್ನುವ ಸದ್ದು ಬದಲಾಗುವವರೆಗೆ ಬಾಡಿಸಿ, ಆರಲು ಬಿಡಿ.

ಓವನ್ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲಿ. ಆರು ಗುಳಿಯ ಮಫಿನ್ ತಟ್ಟೆಗೆ ಎಣ್ಣೆಯನ್ನು ಮೂಲೆಮೂಲೆಗೂ ಸವರಿ, ಏಕೆಂದರೆ ಮೊಟ್ಟೆಯಷ್ಟು ಅಂಟುವ ಪದಾರ್ಥ ಕಡಿಮೆ. ಮೊಟ್ಟೆ, ಹಾಲು, ಉಪ್ಪನ್ನು ನೊರೆ ಏಳದಷ್ಟು ಮಾತ್ರ ಕಲಕಿ, ತರಕಾರಿ ಹಂಚಿ, ಮುಕ್ಕಾಲು ತುಂಬುವಂತೆ ಸುರಿದು 18ರಿಂದ 22 ನಿಮಿಷ ಇಡಿ. ತಟ್ಟೆ ಅಲುಗಿಸಿದಾಗ ನಡುಭಾಗ ಸ್ವಲ್ಪವೇ ನಡುಗಬೇಕು, ಹರಿಯಬಾರದು. ಥರ್ಮಾಮೀಟರ್ ಇದ್ದರೆ ಒಳಗೆ 71 ಡಿಗ್ರಿ ತೋರಿಸಬೇಕು. ಹೊರಗೆ ತೆಗೆದ ಎರಡೇ ನಿಮಿಷದಲ್ಲಿ ಉಬ್ಬಿದ್ದೆಲ್ಲ ಕುಸಿಯುತ್ತದೆ. ಅದು ಹಬೆ ಇಳಿದದ್ದು, ನಿಮ್ಮ ತಪ್ಪಲ್ಲ.

ಓವನ್ ಇಲ್ಲದಿದ್ದರೆ ಇದೇ ಮಿಶ್ರಣವನ್ನು ದಪ್ಪ ತಳದ ಬಾಣಲೆಗೆ ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ ತ್ರಿಕೋನಗಳಾಗಿ ಕೊಯ್ಯಿರಿ. ಉರಿ ಜೋರಾದರೆ ತಳ ಕಂದಿ ಮೇಲೆ ಹಸಿಯಾಗಿ ಉಳಿಯುತ್ತದೆ.

ಫ್ರಿಜ್‌ನಲ್ಲಿ ಮೂರರಿಂದ ನಾಲ್ಕು ದಿನ. ಬಿಸಿ ಮಾಡುವಾಗ ಎರಡು ಕಪ್‌ಗಳ ಮೇಲೆ ಒದ್ದೆ ಟಿಶ್ಯೂ ಹೊದಿಸಿ, ಮಧ್ಯಮ ಶಕ್ತಿಯಲ್ಲಿ 20 ಸೆಕೆಂಡಿನ ಕಂತುಗಳಲ್ಲಿ ಬಿಸಿ ಮಾಡಿ. ಪೂರ್ತಿ ಶಕ್ತಿಯಲ್ಲಿ ಒಂದು ನಿಮಿಷ ಬಿಟ್ಟರೆ ಮೊಟ್ಟೆಯ ಪ್ರೋಟೀನ್ ಇನ್ನಷ್ಟು ಬಿಗಿದುಕೊಂಡು ನೀರನ್ನು ಹಿಂಡಿ ಹೊರಹಾಕುತ್ತದೆ. ಬುರ್ಜಿ ನೀರು ಬಿಡುವುದಕ್ಕೂ ಕಾರಣ ಇದೇ: ಇನ್ನೂ ಸ್ವಲ್ಪ ಹಸಿ ಎನ್ನಿಸುವಾಗಲೇ ಒಲೆಯಿಂದ ಇಳಿಸಿ, ಉಳಿದದ್ದನ್ನು ಬಾಣಲೆಯ ಬಿಸಿ ಮಾಡಿಕೊಳ್ಳುತ್ತದೆ.

ಗಟ್ಟಿ ಮೊಸರಿನ ಬಟ್ಟಲು

ಒಂದು ಕಿಲೋ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೆ ಪಾತ್ರೆ ಇರಿಸಿ ಫ್ರಿಜ್‌ನೊಳಗೆ ರಾತ್ರಿಯೆಲ್ಲ ಬಿಡಿ. ಹೊರಗೆ ತೂಗುಹಾಕಿದರೆ ಹುಳಿ ಏರುತ್ತದೆ. ಬೆಳಗ್ಗೆಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಗಟ್ಟಿ ಮೊಸರು ಉಳಿಯುತ್ತದೆ. ಇಳಿದ ನೀರನ್ನು ಚೆಲ್ಲದೆ ಸ್ಮೂದಿಗೆ ಬಳಸಿ.

200 ಗ್ರಾಂ ಗಟ್ಟಿ ಮೊಸರು, 100 ಗ್ರಾಂ ಹಣ್ಣು, ಎರಡು ದೊಡ್ಡ ಚಮಚ ಬೀಜಗಳು, ಇಷ್ಟೇ ಇದರ ವಿಧಾನ. ಒಂದು ಎಚ್ಚರಿಕೆ ಮಾತ್ರ: ಹಸಿ ಅನಾನಸ್, ಕಿವಿ, ಪಪ್ಪಾಯಿಗಳಲ್ಲಿ ಪ್ರೋಟೀನ್ ಒಡೆಯುವ ಕಿಣ್ವಗಳಿವೆ. ರಾತ್ರಿಯೇ ಮೊಸರಿಗೆ ಬೆರೆಸಿಟ್ಟರೆ ಬೆಳಗ್ಗೆ ಬಟ್ಟಲಲ್ಲಿ ಕಹಿ ನೀರು. ತಿನ್ನುವ ಮುಂಚೆ ಬೆರೆಸಿದರೆ ಏನೂ ಆಗುವುದಿಲ್ಲ.

ಬ್ರೆಡ್ಡಿನ ಮೇಲೆ ಕಡಲೆ

ಬ್ರೆಡ್ಡನ್ನು ಫ್ರಿಜ್‌ನಲ್ಲಿಡುವ ರೂಢಿ ಬಿಟ್ಟುಬಿಡಿ. ಬೆಂದ ಪಿಷ್ಟ ಮತ್ತೆ ಬಿಗಿಯಾಗಿ ಹೆಣೆದುಕೊಂಡು ಬ್ರೆಡ್ಡು ಒರಟಾಗುವುದು ಫ್ರಿಜ್‌ನ ತಂಪಿನಲ್ಲೇ ಅತಿ ಬೇಗ. ತಂದ ದಿನವೇ ಹೋಳುಗಳನ್ನು ಬಿಡಿಸಿ ಗಾಳಿಯಾಡದ ಚೀಲದಲ್ಲಿ ಫ್ರೀಜರ್‌ಗೆ ಹಾಕಿ. ಬೆಳಗ್ಗೆ ಕರಗಲು ಕಾಯಬೇಕಿಲ್ಲ, ಹೆಪ್ಪುಗಟ್ಟಿದ್ದನ್ನೇ ಟೋಸ್ಟರ್‌ಗೋ ತವಾಗೋ ಹಾಕಿದರೆ ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಮೇಲೆ ಸವರಲು ಕಡಲೆ ಚಟ್ನಿ. 110 ಗ್ರಾಂ ಒಣ ಕಾಬೂಲಿ ಕಡಲೆ ನೆನೆದು ಬೆಂದ ಮೇಲೆ ಸುಮಾರು 250 ಗ್ರಾಂ ಆಗುತ್ತದೆ. ಎಂಟರಿಂದ ಹತ್ತು ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ ಕುಕ್ಕರ್‌ನಲ್ಲಿ ಬೇಯಿಸಿ. ಗಡಸು ನೀರಿನಲ್ಲಿ ಕಾಳು ಬೇಗ ಮೆತ್ತಗಾಗುವುದಿಲ್ಲ, ಸೋಡಾ ಸಿಪ್ಪೆಯನ್ನು ಸಡಿಲಿಸುತ್ತದೆ. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ. ಎರಡು ಬೆರಳ ನಡುವೆ ಹಿಸುಕಿದರೆ ತಡೆಯಿಲ್ಲದೆ ಹಿಟ್ಟಾಗಬೇಕು. "ಬೆಂದಿದೆ, ಆದರೆ ಕಚ್ಚಬಹುದು" ಎಂಬ ಹದಕ್ಕೆ ನಿಲ್ಲಿಸಿದರೆ ಮಿಕ್ಸಿ ಎಷ್ಟು ತಿರುಗಿದರೂ ಮರಳುಮರಳೇ. ಎರಡು ದೊಡ್ಡ ಚಮಚ ಹುರಿದ ಎಳ್ಳಿನ ಪೇಸ್ಟ್ ಅಥವಾ ಪೀನಟ್ ಬಟರ್, ಎರಡು ದೊಡ್ಡ ಚಮಚ ನಿಂಬೆರಸ, ಒಂದು ಎಸಳು ಬೆಳ್ಳುಳ್ಳಿ, ಅರ್ಧ ಟೀ ಚಮಚ ಉಪ್ಪು ಸೇರಿಸಿ, ಬೆಂದ ನೀರನ್ನೇ ಮೂರ್ನಾಲ್ಕು ಚಮಚ ಹಾಕುತ್ತಾ ರುಬ್ಬಿ. ಬಿಸಿಯಿರುವಾಗಲೇ ರುಬ್ಬಿದರೆ ನುಣ್ಣಗಾಗುತ್ತದೆ. ಮಿಕ್ಸಿಯ ಮುಚ್ಚಳ ಬಿಗಿಯಾಗಿ ಹಾಕದೆ ಹಬೆ ಹೋಗಲು ಸಂದು ಬಿಟ್ಟು, ಮೇಲೆ ಬಟ್ಟೆ ಹಿಡಿಯಿರಿ. ನಾಲ್ಕು ದಿನ ಇರುತ್ತದೆ.

ಎರಡು ಹೋಳು ಬ್ರೆಡ್ಡಿಗೆ ಮೂರು ದೊಡ್ಡ ಚಮಚ ಚಟ್ನಿ, ಮೇಲೆ ಸೌತೆಕಾಯಿ ಅಥವಾ ಟೊಮೆಟೊ, ಪಕ್ಕದಲ್ಲಿ ಒಂದು ಬೇಯಿಸಿದ ಮೊಟ್ಟೆ.

ಸ್ಮೂದಿ: ಯಾವಾಗ ಸರಿ, ಯಾವಾಗ ಅಲ್ಲ

ಕುಡಿದದ್ದು ಅಗಿದು ತಿಂದದ್ದರಷ್ಟು ಹೊತ್ತು ಹೊಟ್ಟೆ ಹಿಡಿಯುವುದಿಲ್ಲ. ಆದ್ದರಿಂದ ಇದು ದಿನದ ತಿಂಡಿಗಿಂತ, ನಿಜಕ್ಕೂ ಬಾಗಿಲಿಂದ ಓಡುವ ದಿನದ ಉಪಾಯ. 200 ಮಿ.ಲೀ. ಹಾಲು, 100 ಗ್ರಾಂ ಮೊಸರು, ಹೆಪ್ಪುಗಟ್ಟಿದ ಒಂದು ಬಾಳೆಹಣ್ಣು, 20 ಗ್ರಾಂ ಓಟ್ಸ್, ಒಂದು ದೊಡ್ಡ ಚಮಚ ಪೀನಟ್ ಬಟರ್, ಒಂದು ಹಿಡಿ ಪಾಲಕ್ ಸೊಪ್ಪು. ಒಟ್ಟು 18 ಗ್ರಾಂ ಪ್ರೋಟೀನ್.

ಮಿಕ್ಸಿಗೆ ಹಾಕುವ ಕ್ರಮ ಮುಖ್ಯ: ಹಾಲು, ಮೊಸರು ಮೊದಲು, ಆಮೇಲೆ ಸೊಪ್ಪು, ಓಟ್ಸ್, ಕೊನೆಗೆ ಹೆಪ್ಪುಗಟ್ಟಿದ ಹಣ್ಣು. ಹಣ್ಣು ತಳದಲ್ಲಿದ್ದರೆ ಬ್ಲೇಡಿನ ಸುತ್ತ ಗಾಳಿಯ ಗುಳ್ಳೆ ಕಟ್ಟಿಕೊಂಡು, ಮೋಟಾರು ಕೂಗುತ್ತಿರುತ್ತದೆ, ಒಳಗೆ ಏನೂ ಅಲುಗುವುದಿಲ್ಲ. ಹಾಗಾದಾಗ ಇನ್ನಷ್ಟು ಹೊತ್ತು ತಿರುಗಿಸದೆ ನಿಲ್ಲಿಸಿ, ಜಾರ್ ಕುಲುಕಿ, ಎರಡು ಚಮಚ ಹಾಲು ಸೇರಿಸಿ. ಬಾಳೆಹಣ್ಣನ್ನು ಬಿಲ್ಲೆಗಳಾಗಿ ಕೊಯ್ದು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ನೇರ ಚೀಲಕ್ಕೆ ತುಂಬಿದರೆ ಕಲ್ಲಿನಂಥ ಒಂದೇ ಮುದ್ದೆ.

ಡಬ್ಬದ ತಿಂಡಿ ಕೊಳ್ಳುವಾಗ

ಪೊಟ್ಟಣದ ಮುಂಭಾಗ ಓದಬೇಡಿ, ತಿರುಗಿಸಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಮೂರರಲ್ಲಿ ಸಕ್ಕರೆ, ಗ್ಲೂಕೋಸ್ ಸಿರಪ್, ಜೇನು ಇದ್ದರೆ ಅದು ಸಿಹಿತಿಂಡಿ. "ಮಲ್ಟಿಗ್ರೇನ್" ಎಂದರೆ ಹಲವು ಧಾನ್ಯ ಇದೆ ಎಂದಷ್ಟೇ ಅರ್ಥ, ತವುಡು ಸಮೇತ ಇದೆ ಎಂದಲ್ಲ. ಪಟ್ಟಿಯಲ್ಲಿ 30 ಗ್ರಾಂನ ಅಂಕಣ ಬಿಟ್ಟು 100 ಗ್ರಾಂನ ಅಂಕಣ ನೋಡಿ, ಏಕೆಂದರೆ ಬಟ್ಟಲಿಗೆ ಸುರಿಯುವಾಗ ಯಾರೂ 30 ಗ್ರಾಂಗೆ ನಿಲ್ಲಿಸುವುದಿಲ್ಲ. ಬ್ರಿಟನ್ನಿನಲ್ಲಿ ಪೊಟ್ಟಣಗಳ ಮೇಲೆ ಹಾಕುವ ಬಣ್ಣದ ಗುರುತಿನಲ್ಲಿ 100 ಗ್ರಾಂಗೆ ಸಕ್ಕರೆ 22.5 ಗ್ರಾಂ ಮೀರಿದರೆ ಕೆಂಪು, 5 ಗ್ರಾಂ ಒಳಗಿದ್ದರೆ ಹಸಿರು. ಎಲ್ಲಿ ಕೊಂಡರೂ ಈ ಅಳತೆಗೋಲು ಉಪಯೋಗಕ್ಕೆ ಬರುತ್ತದೆ. ಗ್ರನೋಲಾ (ಓಟ್ಸ್, ಬೀಜಗಳಿಗೆ ಸಿಹಿ ಬೆರೆಸಿ ಗರಿಗರಿಯಾಗಿ ಬೇಯಿಸಿದ್ದು) ಎಂಬುದು ಎಷ್ಟೋ ಸಲ ಹಸಿರನ್ನು ಬಿಟ್ಟು ಬಹುದೂರ ಹೋಗಿರುತ್ತದೆ. ಊಟದಂತೆ ಸುರಿಯದೆ ಮೊಸರಿನ ಮೇಲೆ ಎರಡು ಚಮಚ ಉದುರಿಸಲು ಸರಿ.

ರಜೆಯ ದಿನದ ಒಂದು ಗಂಟೆ

ಏಳು ದಿನಕ್ಕೆ ಒಟ್ಟಿಗೇ ಮಾಡಿಡುವ ಉತ್ಸಾಹ ಬೇಡ. ಐದನೇ ದಿನದ ಓಟ್ಸ್ ಯಾರಿಗೂ ಬೇಡವಾಗಿರುತ್ತದೆ, ಅದು ಚೆಲ್ಲಿಹೋಗುವುದು ಖಂಡಿತ. ಮೂರು ಬೆಳಗಿನದ್ದು ಮಾಡಿ, ವಾರದ ನಡುವೆ ಒಂದು ಸಂಜೆ ಹದಿನೈದು ನಿಮಿಷ ಕೊಟ್ಟು ಮತ್ತೆ ಮೂರು ಜಾಡಿ ತುಂಬಿ.

ಕಡಲೆ ಹಿಂದಿನ ರಾತ್ರಿಯೇ ನೆನೆದಿರಲಿ. ಮೊದಲು ಕುಕ್ಕರ್ ಏರಿಸಿ, ಓವನ್ ಹಚ್ಚಿ, ಇನ್ನೊಂದು ಒಲೆಯ ಮೇಲೆ ಮೊಟ್ಟೆಗೆ ನೀರಿಡಿ. ಅದು ಕುದಿ ಬರುವುದರೊಳಗೆ ತರಕಾರಿ ಹೆಚ್ಚಿ. ಮೊಟ್ಟೆ ಇಳಿಸಿ ಟೈಮರ್ ಇಟ್ಟು, ಪಕ್ಕದಲ್ಲೇ ತರಕಾರಿ ಬಾಡಿಸಿ. ಮೊಟ್ಟೆ ಮಂಜಿನ ನೀರಿಗೆ ಹೋಗುವ ಹೊತ್ತಿಗೆ ಕಪ್‌ಗಳು ಓವನ್ ಸೇರಿರಬೇಕು. ಅವು ಬೇಯುವ ಇಪ್ಪತ್ತು ನಿಮಿಷ ಓಟ್ಸ್ ಜಾಡಿಗಳಿಗೆ: ಮೂರನ್ನೂ ಸಾಲಾಗಿ ಇಟ್ಟು ಒಣ ಪದಾರ್ಥ ಒಂದೇ ಸುತ್ತಿನಲ್ಲಿ, ಹಾಲು ಮೊಸರು ಇನ್ನೊಂದು ಸುತ್ತಿನಲ್ಲಿ. ಕುಕ್ಕರಿನ ಒತ್ತಡ ಅಷ್ಟರಲ್ಲಿ ಇಳಿದಿರುತ್ತದೆ, ಕಡಲೆ ಬಿಸಿಯಿರುವಾಗಲೇ ರುಬ್ಬಿ. ಮಿಕ್ಸಿಯನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಬೆಳ್ಳುಳ್ಳಿಯ ವಾಸನೆ ಓಟ್ಸ್‌ಗೆ ತಾಗಬಾರದು. ಪ್ರತಿ ಡಬ್ಬಿಯ ಮೇಲೂ ಟೇಪ್ ಅಂಟಿಸಿ ತಾರೀಖು ಬರೆಯಿರಿ.

ಬೆಂದದ್ದೇನನ್ನೂ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. 5ರಿಂದ 60 ಡಿಗ್ರಿ ನಡುವಿನ ಶಾಖದಲ್ಲಿ ಬ್ಯಾಕ್ಟೀರಿಯಾ ಸರಸರನೆ ಬೆಳೆಯುತ್ತವೆ. ಆಳವಾದ ಪಾತ್ರೆಗಿಂತ ಅಗಲ ಡಬ್ಬಿಯಲ್ಲಿ ಬೇಗ ಆರುತ್ತದೆ. ಫ್ರಿಜ್‌ನ ಒಳಗೆ 4 ಡಿಗ್ರಿ ಇದೆಯೇ ಎಂದು ಒಂದು ಥರ್ಮಾಮೀಟರ್ ಇಟ್ಟು ನೋಡಿ. ಬಾಗಿಲಿನ ಅರೆ ಯಾವಾಗಲೂ ಒಳಗಿಗಿಂತ ಬೆಚ್ಚಗಿರುತ್ತದೆ, ಮಾಡಿಟ್ಟದ್ದನ್ನು ಅಲ್ಲಿ ಇಡಬೇಡಿ. ಮೇಲೆ ಹೇಳಿದ ದಿನಗಳ ಲೆಕ್ಕವೆಲ್ಲ ಆ 4 ಡಿಗ್ರಿಯನ್ನು ನಂಬಿಕೊಂಡಿದ್ದು.

ಇನ್ನು ರಾತ್ರಿ ಮಲಗುವ ಮುಂಚೆ: ಚಮಚ, ತಟ್ಟೆ, ಒಯ್ಯುವ ಡಬ್ಬಿ ಮೇಜಿನ ಮೇಲೆ ಬರಲಿ, ನಾಳೆ ಯಾವುದು ಎಂಬುದು ತೀರ್ಮಾನವಾಗಲಿ, ತಿನ್ನುವ ಜಾಡಿ ಫ್ರಿಜ್‌ನ ಮುಂಸಾಲಿಗೆ ಬರಲಿ. ಹಿಂದೆ ಅಡಗಿದ್ದನ್ನು ಬೆಳಗ್ಗೆ ಯಾರೂ ಹುಡುಕುವುದಿಲ್ಲ.

ಯಾರು ಏನು ಬದಲಿಸಿಕೊಳ್ಳಬೇಕು

ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಬಾಟುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯವಿದೆ. ಐದು ವರ್ಷದೊಳಗಿನವರಿಗೆ ಇಡೀ ಬಾದಾಮಿ, ಶೇಂಗಾ, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಬೀಜಗಳನ್ನು ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ. ಚಿಯಾವನ್ನು ದೊಡ್ಡವರೂ ಒಣದಾಗಿ ಬಾಯಿಗೆ ಹಾಕಿ ನೀರು ಕುಡಿಯಬಾರದು, ಅನ್ನನಾಳದಲ್ಲೇ ಉಬ್ಬಿ ಕಟ್ಟಿಕೊಳ್ಳಬಹುದು. ಗ್ಲೂಟೆನ್ (ಗೋಧಿಯಲ್ಲಿರುವ ಪ್ರೋಟೀನ್) ಆಗದವರು ಗ್ಲೂಟೆನ್ ಮುಕ್ತ ಎಂದು ಬರೆದ ಓಟ್ಸನ್ನೇ ಕೊಳ್ಳಬೇಕು. ಹೊಲದಲ್ಲೋ ಗಿರಣಿಯಲ್ಲೋ ಗೋಧಿ ಬೆರೆತಿರುತ್ತದೆ. ಶೇಂಗಾ ಅಲರ್ಜಿ ಇದ್ದವರಿಗೆ ಸೂರ್ಯಕಾಂತಿ ಬೀಜದ ಪೇಸ್ಟ್ ಅದೇ ಅಳತೆಯಲ್ಲಿ ಸಲ್ಲುತ್ತದೆ.

ನಾರಿನ ತಿಂಡಿ ಅಭ್ಯಾಸವಿಲ್ಲದವರು ಮೊದಲ ವಾರ ಚಿಯಾ, ಕಡಲೆ ಎರಡನ್ನೂ ಅರ್ಧಕ್ಕೆ ಇಳಿಸಿ, ನೀರು ಹೆಚ್ಚು ಕುಡಿಯಿರಿ. ಇಲ್ಲವಾದರೆ ಹೊಟ್ಟೆಯುಬ್ಬರ ಬಂದು ಓಟ್ಸ್ ಆಗಿಬರುವುದಿಲ್ಲ ಎಂಬ ತಪ್ಪು ತೀರ್ಪಿಗೆ ಬರುತ್ತೀರಿ.

ಥೈರಾಯ್ಡ್‌ಗೆ ಲೆವೊಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಖಾಲಿ ಹೊಟ್ಟೆಗೆ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ತಿನ್ನಬೇಕು. ಇಂಥವರಿಗೆ ಒಯ್ಯಬಹುದಾದ ಜಾಡಿ, ಬೇಯಿಸಿದ ಮೊಟ್ಟೆಗಳೇ ವಾಸಿ. ಕಬ್ಬಿಣದ ಕೊರತೆ ಇದ್ದವರು ಚಹಾ, ಕಾಫಿಯನ್ನು ತಿಂಡಿಯ ಜೊತೆ ಕುಡಿಯದೆ ಒಂದು ಗಂಟೆ ಮುಂದೆ ಹಾಕಲಿ. ಅವುಗಳಲ್ಲಿರುವ ಒಗರು ಪದಾರ್ಥಗಳು ಧಾನ್ಯ, ಕಾಳುಗಳ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಕಡಲೆ ಚಟ್ನಿಯ ನಿಂಬೆರಸ ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ, ಕಬ್ಬಿಣ ದೇಹಕ್ಕೆ ಹತ್ತಲು ನೆರವಾಗುತ್ತದೆ. ಹಾಗಾಗಿ ಅದನ್ನು ರುಚಿಗೆಂದು ಕಡಿಮೆ ಮಾಡಬೇಡಿ.